ಮಲೆನಾಡಿನ ಮೂರು ತಾಲ್ಲೂಕುಗಳಲ್ಲಿ ಕೃತಕ ಬುದ್ಧಿಮತ್ತೆ: ಆಧಾರದ ಪ್ರಶ್ನೆ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಯಾವ ವಿಶ್ವವಿದ್ಯಾಲಯದ ಕೇಂದ್ರ ಕಚೇರಿಯೂ ಇಲ್ಲ; ಆದರೂ ಉನ್ನತ ಶಿಕ್ಷಣ ಮತ್ತು ಸಂಶೋಧನೆಯ ಇಷ್ಟು ಬಗೆಗಳು ಇಷ್ಟು ಚಿಕ್ಕ ಪ್ರದೇಶದಲ್ಲಿ ಒಟ್ಟಿಗೆ ಸಿಗುವುದು ಅಪರೂಪ. ಶೃಂಗೇರಿ ಬಳಿಯ ಮೆಣಸೆಯಲ್ಲಿ 1992ರಲ್ಲಿ ಆರಂಭವಾಗಿ ಈಗ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ಅಂಗವಾಗಿರುವ ರಾಜೀವ್ ಗಾಂಧಿ ಕ್ಯಾಂಪಸ್ಸಿನಲ್ಲಿ ಶಾಸ್ತ್ರಿ, ಆಚಾರ್ಯ ಪದವಿಗಳಿಂದ ಪಿಎಚ್‌.ಡಿ.ಗೆ ಸಮನಾದ ವಿದ್ಯಾವಾರಿಧಿಯವರೆಗೆ ಅಧ್ಯಯನ ನಡೆಯುತ್ತದೆ. ಶೃಂಗೇರಿಯ ಜೆಸಿಬಿಎಂ ಕಾಲೇಜು ಮತ್ತು ಕೊಪ್ಪ, ನರಸಿಂಹರಾಜಪುರಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿವೆ. ಕೊಪ್ಪದಲ್ಲಿ ಎ.ಎಲ್.ಎನ್. ರಾವ್ ಸ್ಮಾರಕ ಆಯುರ್ವೇದ ವೈದ್ಯಕೀಯ ಕಾಲೇಜಿದೆ. ಶೃಂಗೇರಿಯಲ್ಲಿ ಅಡಿಕೆ ಸಂಶೋಧನಾ ಕೇಂದ್ರವಿದೆ. ಬಾಳೆಹೊನ್ನೂರಿನ ಸಮೀಪ 1925ರಲ್ಲಿ ಮೈಸೂರು ಸರ್ಕಾರ ಸ್ಥಾಪಿಸಿದ ಕಾಫಿ ಪ್ರಯೋಗ ಕೇಂದ್ರವು ಇಂದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿ ಬೆಳೆದು ನಿಂತಿದೆ. ಹಸ್ತಪ್ರತಿ, ಶಾಸನ, ಗಿಡಮೂಲಿಕೆ, ತೋಟದ ರೋಗ, ಕನ್ನಡ ಮಾಧ್ಯಮದ ತರಗತಿ, ಇವೆಲ್ಲವೂ ಒಂದು ಗಂಟೆಯ ಪ್ರಯಾಣದ ಆಸುಪಾಸಿನಲ್ಲಿವೆ. ಕೃತಕ ಬುದ್ಧಿಮತ್ತೆಯನ್ನು ಸಂಶೋಧನೆ ಮತ್ತು ಬೋಧನೆಯಲ್ಲಿ ಜವಾಬ್ದಾರಿಯಿಂದ ಬಳಸುವುದೆಂದರೇನು ಎಂಬ ಪ್ರಶ್ನೆಯನ್ನು ಮಹಾನಗರದ ಪ್ರಯೋಗಾಲಯಗಳಿಂದ ನೋಡುವುದಕ್ಕಿಂತ ಇಲ್ಲಿಂದ ನೋಡಿದಾಗ ಅದರ ಗಟ್ಟಿ ಭಾಗ ಬೇಗ ಕೈಗೆ ಸಿಗುತ್ತದೆ.

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರಿಗೆ ದೊರೆತಂದಿನಿಂದ ಚರ್ಚೆಯ ಕೇಂದ್ರದಲ್ಲಿರುವುದು ಬೃಹತ್ ಭಾಷಾ ಮಾದರಿ ಎಂಬ ತಂತ್ರ. ಅಪಾರ ಪ್ರಮಾಣದ ಪಠ್ಯವನ್ನು ಓದಿಸಿ, ಒಂದು ಪದಖಂಡದ ನಂತರ ಯಾವ ಪದಖಂಡ ಬರುವ ಸಂಭವ ಹೆಚ್ಚೆಂಬುದನ್ನು ಲೆಕ್ಕಹಾಕಲು ಕಲಿಸಿದ ಯಂತ್ರವೇ ಅದು. ಅದರ ಉತ್ತರ ನಿಜವಾಗಿರುವುದು ಬಹಳ ಸಲ ಸಾಧ್ಯ, ಏಕೆಂದರೆ ಅದು ಓದಿದ ಬರಹದಲ್ಲಿ ನಿಜವಾದ ಸಂಗತಿಗಳೇ ಹೆಚ್ಚು. ಆದರೆ ಓದಿದ್ದು ತೆಳುವಾಗಿರುವ ಕಡೆಯೂ ಅದು ಅದೇ ಸರಾಗದಿಂದ, ಅದೇ ವಿಶ್ವಾಸದ ಧಾಟಿಯಲ್ಲಿ ವಾಕ್ಯ ಕಟ್ಟುತ್ತದೆ. ಇಲ್ಲದ ಪುಸ್ತಕಕ್ಕೆ ಪುಟಸಂಖ್ಯೆ ಕೊಡುವ ಈ ಗುಣವನ್ನು ತಂತ್ರಜ್ಞರು ಯಂತ್ರದ ಭ್ರಮೆ ಎನ್ನುತ್ತಾರೆ. ಕನ್ನಡದ ವಿಷಯದಲ್ಲಿ ಈ ತೆಳುತನ ಎದ್ದು ಕಾಣುತ್ತದೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಎಪ್ಪತ್ತು ಲಕ್ಷದಷ್ಟು ಲೇಖನಗಳಿದ್ದರೆ ಕನ್ನಡದಲ್ಲಿರುವುದು ಮೂವತ್ತು ಸಾವಿರದ ಆಸುಪಾಸು. ಸಾಲದ್ದಕ್ಕೆ, ಗಣಕದಲ್ಲಿ ಇಂಗ್ಲಿಷಿನ ಒಂದು ಅಕ್ಷರ ಒಂದು ಬೈಟ್ ಜಾಗದಲ್ಲಿ ಕೂರುವಲ್ಲಿ ಕನ್ನಡದ ಒಂದೊಂದು ಸಂಕೇತ ಮೂರು ಬೈಟ್ ಹಿಡಿಯುತ್ತದೆ, ಒತ್ತಕ್ಷರ ಮತ್ತು ಕಾಗುಣಿತ ಸೇರಿದರೆ ಒಂದೇ ಪದ ಹಲವು ಚೂರುಗಳಾಗಿ ಒಡೆಯುತ್ತದೆ. ಹೀಗಾಗಿ ಅದೇ ಕೆಲಸಕ್ಕೆ ಕನ್ನಡದಲ್ಲಿ ಯಂತ್ರದ ಶ್ರಮವೂ ಖರ್ಚೂ ಹೆಚ್ಚು. ಶೃಂಗೇರಿ ಸೀಮೆಯ ಒಂದು ಗ್ರಾಮದ ಇತಿಹಾಸವನ್ನೋ ಕೊಪ್ಪದ ಕಡೆಯ ಒಂದು ಆಚರಣೆಯನ್ನೋ ಕೇಳಿದಾಗ ಯಂತ್ರ ಅತ್ಯಂತ ದುರ್ಬಲವಾಗಿರುತ್ತದೆ. ಸ್ಥಳೀಯ ಸಂಶೋಧಕರಿಗೆ ಹೊಸದನ್ನು ಹೇಳುವ ಅವಕಾಶ ಹೆಚ್ಚಿರುವುದೂ ಅಲ್ಲಿಯೇ.

ಶೃಂಗೇರಿ ಮಠದ ದಾಖಲೆಗಳ ಉದಾಹರಣೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೋಡಬೇಕು. 1346ರಲ್ಲಿ ವಿಜಯನಗರದ ಹರಿಹರ ಮತ್ತು ಅವನ ಸಹೋದರರು ಮಠದ ಗುರು ಭಾರತೀತೀರ್ಥರಿಗೂ ಅವರ ಶಿಷ್ಯರಿಗೂ ಭೂಮಿ ಕೊಟ್ಟ ಶಾಸನದಿಂದ ಹಿಡಿದು ಕೆಳದಿಯ ನಾಯಕರು, ಮೈಸೂರು ಅರಸರು ಬರೆದ ನಿರೂಪಗಳವರೆಗೆ ಮಠದ ಸಂಬಂಧದ ಬರಹಗಳು ಶತಮಾನಗಳುದ್ದಕ್ಕೂ ಉಳಿದುಬಂದಿವೆ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಶಾಸನಮಾಲೆಯಲ್ಲಿ ಈ ಸೀಮೆಯನ್ನೊಳಗೊಂಡ ಅಂದಿನ ಕಡೂರು ಜಿಲ್ಲೆಯ ಸಂಪುಟ 1901ರಲ್ಲಿ ಹೊರಬಂತು. 1916ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಆರ್. ನರಸಿಂಹಾಚಾರ್ ಅವರು ಮಠದಲ್ಲಿ ಟಿಪ್ಪು ಸುಲ್ತಾನನ ಸುಮಾರು 30 ಕನ್ನಡ ಪತ್ರಗಳನ್ನು ಬೆಳಕಿಗೆ ತಂದರು. 1791ರಲ್ಲಿ ಮರಾಠಾ ಪಡೆಯ ದಂಡು ಶೃಂಗೇರಿಯನ್ನು ಕೊಳ್ಳೆ ಹೊಡೆದ ಬಳಿಕ ಸ್ವಾಮಿಗಳೊಡನೆ ನಡೆದ ವ್ಯವಹಾರ ಅವುಗಳಲ್ಲಿದೆ. ಇಂಥ ದಾಖಲೆಗಳ ದೊಡ್ಡ ಸಂಗ್ರಹವನ್ನು ಎ.ಕೆ. ಶಾಸ್ತ್ರಿ ಅವರು 2009ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಟಿಪ್ಪುವಿನ ಬಗ್ಗೆ ವಾದಿಸುವ ಎರಡೂ ಪಕ್ಷದವರು ಈ ಪತ್ರಗಳನ್ನು ಉಲ್ಲೇಖಿಸುತ್ತಾರೆ, ಓದಿದವರು ಮಾತ್ರ ಕಡಿಮೆ. ಅವುಗಳ ಸಾರಾಂಶವನ್ನು ಯಂತ್ರದಿಂದ ಕೇಳಿದ ವಿದ್ಯಾರ್ಥಿಗೆ ಸಿಗುವುದು ಪತ್ರದ ಸಾರವಲ್ಲ, ಪತ್ರದ ಬಗ್ಗೆ ಜಗಳವಾಡಿದವರ ಮಾತುಗಳ ಸರಾಸರಿ ಆಗಿರುವ ಸಂಭವವೇ ಹೆಚ್ಚು.

ದಾಖಲೆಯನ್ನು ಹತ್ತಿರದಿಂದ ನೋಡಿದರೆ ಕಷ್ಟ ಎಲ್ಲಿದೆ ಎಂಬುದು ತಿಳಿಯುತ್ತದೆ. ಮಲೆನಾಡಿನ ಹಳೆಯ ಲೆಕ್ಕಪತ್ರಗಳು ಬಹುಪಾಲು ಕಡತಗಳಲ್ಲಿರುತ್ತಿದ್ದವು. ಹುಣಿಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಹಾಳೆಯ ಮೇಲೆ ಬಳಪದಿಂದ ಬರೆದ ಪುಸ್ತಕವೇ ಕಡತ. ಮಡಿಕೆಯ ಅಂಚಿನಲ್ಲಿ ಅಕ್ಷರ ಸವೆದಿರುತ್ತದೆ, ಒರೆಸಿ ಮತ್ತೆ ಬರೆದ ಕಡೆ ಹಳೆಯ ಗೆರೆ ಇಣುಕುತ್ತದೆ, ಹಣ ಧಾನ್ಯಗಳ ಲೆಕ್ಕ ಚಿಹ್ನೆಗಳಲ್ಲಿರುತ್ತದೆ. ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ ಇಲ್ಲಿ ನೆರವಾಗಬಲ್ಲದು, ಆದರೆ ಸವೆದ ಜಾಗವನ್ನು ಸವೆದಿದೆ ಎಂದು ಬಿಡುವ ಬದಲು ಸಂಭವನೀಯ ಪದದಿಂದ ತುಂಬಿಬಿಡುವ ಚಾಳಿ ಭಾಷಾ ಮಾದರಿಗಿದೆ. ಸಂಪಾದಕರು ಆವರಣ ಹಾಕಿ ತಮ್ಮ ಊಹೆಯನ್ನು ಊಹೆಯೆಂದೇ ತೋರಿಸುವಲ್ಲಿ ಯಂತ್ರ ಊಹೆಯನ್ನು ಪಾಠದೊಳಗೇ ಕರಗಿಸುತ್ತದೆ. ಕಾಲನಿರ್ಣಯದಲ್ಲಿಯೂ ಇದೇ ತೊಡಕು. ದಾಖಲೆಯಲ್ಲಿ ವಿರೋಧಿಕೃತ್ ಸಂವತ್ಸರವೆಂದಷ್ಟೇ ಇದ್ದರೆ, ಅರವತ್ತು ವರ್ಷಗಳ ಚಕ್ರದಲ್ಲಿ ಅದು 1731–32 ಆಗಬಹುದು, 1791–92 ಆಗಬಹುದು, 1851–52ಕ್ಕೂ ಹೊಂದಬಹುದು. ಬರೆಸಿದವರ ಹೆಸರು, ಬಿರುದು, ತಿಥಿ ವಾರಗಳ ಹೊಂದಾಣಿಕೆಗಳನ್ನು ನೋಡದೆ ಯಾವುದನ್ನೂ ಹೇಳುವಂತಿಲ್ಲ. ಯಂತ್ರ ಹೆಚ್ಚು ಪ್ರಸಿದ್ಧವಾದ ವರ್ಷವನ್ನು ಆರಿಸುವುದು ಸಹಜ.

ಇಂಥ ಅಪಾಯ ಹೊಸದೇನಲ್ಲ ಎಂಬುದನ್ನು ಶಾಸನಶಾಸ್ತ್ರ ಬಲ್ಲವರು ಒಪ್ಪುತ್ತಾರೆ. ಹಿಂದಿನ ಕಾಲದಲ್ಲಿಯೂ ಭೂಮಿಯ ಹಕ್ಕಿಗಾಗಿ, ಪರಂಪರೆಯ ಹಿರಿಮೆಗಾಗಿ ಕೂಟಶಾಸನಗಳನ್ನು, ಅಂದರೆ ಸುಳ್ಳು ಶಾಸನಗಳನ್ನು, ಬರೆಸಿದವರಿದ್ದರು. ಶೃಂಗೇರಿಯ ಗುರು ವಿದ್ಯಾರಣ್ಯರಿಗೂ ವಿಜಯನಗರದ ಸ್ಥಾಪನೆಗೂ ಇರುವ ಸಂಬಂಧದ ಬಗ್ಗೆ ವಿದ್ವಾಂಸರಲ್ಲಿ ನಡೆದ ದೀರ್ಘ ಚರ್ಚೆಯ ಒಂದು ಎಳೆ ಕೆಲವು ತಾಮ್ರಶಾಸನಗಳು ನಿಜವೋ ನಂತರದ ಸೃಷ್ಟಿಯೋ ಎಂಬುದೇ ಆಗಿತ್ತು. ಅಂಥವನ್ನು ಹಿಡಿಯಲು ಶಾಸನತಜ್ಞ ಜೆ.ಎಫ್. ಫ್ಲೀಟರ ಕಾಲದಿಂದ ರೂಪುಗೊಂಡ ಪರೀಕ್ಷೆಗಳು ಸರಳವಾದವು: ಲಿಪಿಯ ವಯಸ್ಸು ಹೇಳಿದ ಕಾಲಕ್ಕೆ ಹೊಂದುತ್ತದೆಯೇ, ಎಲ್.ಡಿ. ಸ್ವಾಮಿಕಣ್ಣು ಪಿಳ್ಳೆ ಅವರ ಪಂಚಾಂಗ ಕೋಷ್ಟಕಗಳ ಪ್ರಕಾರ ಆ ತಿಥಿಗೆ ಆ ವಾರ ಬರುತ್ತದೆಯೇ, ಆ ಬಿರುದು ಆಗ ಬಳಕೆಯಲ್ಲಿತ್ತೇ, ದಾನ ಪಡೆದವನು ಆಗ ಬದುಕಿದ್ದನೇ. ಕೃತಕ ಬುದ್ಧಿಮತ್ತೆಯ ಬರಹಕ್ಕೂ ಬೇಕಾದುದು ಈ ಬಗೆಯ ಒಳಪರೀಕ್ಷೆಯೇ ಹೊರತು ಬೇರೆ ಯಾವುದೋ ನಿಗೂಢ ತಂತ್ರವಲ್ಲ. ಇತಿಹಾಸ ವಿಭಾಗಗಳಲ್ಲಿ ಶಾಸನಪಾಠವನ್ನು ಹಳೆಯ ವಿಷಯವೆಂದು ಬದಿಗೆ ಸರಿಸುತ್ತ ಬಂದ ಕಾಲದಲ್ಲಿಯೇ ಅದರ ವಿಧಾನ ಇಷ್ಟು ಅಗತ್ಯವಾಗಿರುವುದು ವಿಚಿತ್ರವಾದರೂ ನಿಜ.

ಹಾಗೆಂದು ಯಂತ್ರವನ್ನು ದೂರವಿಡಬೇಕೆಂಬ ತೀರ್ಮಾನಕ್ಕೆ ಬರಲಾಗದು. ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಕಣ್ಣಿಗೆ ಕಾಣದ ಗೆರೆಗಳನ್ನು ಓದಲು ಸಾಧ್ಯವಾಗಿಸಿದೆ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಅಂಬಾ ಕುಲಕರ್ಣಿ ಅವರ ನೇತೃತ್ವದಲ್ಲಿ ಸಿದ್ಧವಾದ ಸಂಸಾಧನೀ ಎಂಬ ಸಾಧನ ಸಂಸ್ಕೃತದ ಸಂಧಿ ಬಿಡಿಸಿ, ವಿಭಕ್ತಿ ಗುರುತಿಸಿ, ಅನ್ವಯ ತೋರಿಸುತ್ತದೆ. ಪಾಣಿನಿಯ ವ್ಯಾಕರಣದ ನಿಯಮಗಳನ್ನು ಆಧರಿಸಿದ್ದರಿಂದ ಅದು ಹೇಳಿದ ಪ್ರತಿಯೊಂದಕ್ಕೂ ಕಾರಣ ಕೇಳಬಹುದು. ನಂದಿನಾಗರಿ ಲಿಪಿಗೆ 2019ರಲ್ಲಿ, ತುಳು-ತಿಗಳಾರಿ ಲಿಪಿಗೆ 2024ರಲ್ಲಿ ಯೂನಿಕೋಡ್‌ನಲ್ಲಿ ಸ್ಥಾನ ಸಿಕ್ಕಿರುವುದರಿಂದ ಕರಾವಳಿ ಮಲೆನಾಡುಗಳ ತಾಳೆಗರಿಗಳನ್ನು ಗಣಕಕ್ಕೆ ಒಗ್ಗಿಸುವ ದಾರಿಯೂ ತೆರೆದಿದೆ. ಮೆಣಸೆಯ ಕ್ಯಾಂಪಸ್ಸಿನಂಥ ಕಡೆ, ಗುರುವಿನ ಎದುರು ಕುಳಿತು ಪಂಕ್ತಿ ಪಂಕ್ತಿಯಾಗಿ ಓದುವ ಪದ್ಧತಿಯಲ್ಲಿ ಪಳಗಿದ ವಿದ್ಯಾರ್ಥಿಗಳ ಕೈಗೆ ಈ ಸಾಧನಗಳು ಸಿಕ್ಕರೆ ಲಾಭವಿದೆ, ಏಕೆಂದರೆ ತಪ್ಪು ಅನ್ವಯವನ್ನು ತಪ್ಪೆಂದು ಗುರುತಿಸುವ ಶಕ್ತಿ ಅವರಿಗಿದೆ. ಆ ಪಾಠವೇ ಆಗದವರ ಕೈಯಲ್ಲಿ ಅದೇ ಸಾಧನ ಕೇವಲ ಉತ್ತರ ಒದಗಿಸುತ್ತದೆ.

ವಿಜ್ಞಾನದ ಕಡೆಗೆ ಬಂದರೆ ಪ್ರಶ್ನೆಯ ಸ್ವರೂಪ ಬದಲಾಗುತ್ತದೆ. ಈ ಸೀಮೆಯಲ್ಲಿ ಕೃಷಿ ಸಂಶೋಧನೆಗೆ ನೂರು ವರ್ಷ ದಾಟಿದ ಇತಿಹಾಸವಿದೆ: ಕಾಫಿ ಎಲೆರೋಗದ ಅಧ್ಯಯನಕ್ಕಾಗಿ 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕ ಘಟಕವೊಂದು ಆರಂಭವಾಗಿತ್ತು, ಅದಕ್ಕೂ ಮೊದಲು ಎಲ್.ಸಿ. ಕೋಲ್ಮನ್ ಅವರು ಅಡಿಕೆಯ ಕೊಳೆರೋಗದ ಬಗ್ಗೆ 1910ರಲ್ಲಿಯೇ ಮೈಸೂರು ಕೃಷಿ ಇಲಾಖೆಯ ಮೂಲಕ ಪ್ರಕಟಿಸಿದ್ದರು. ಇಂದು ಅಡಿಕೆ ತೋಟಗಳನ್ನು ಕಾಡುತ್ತಿರುವ ಹಳದಿ ಎಲೆ ರೋಗ ಮತ್ತು ಎಲೆಚುಕ್ಕಿ ರೋಗಗಳನ್ನು ಡ್ರೋನ್ ಚಿತ್ರಗಳಿಂದ ಗುರುತಿಸುವ ಮಾದರಿಗಳನ್ನು ತಯಾರಿಸುವುದು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಸುಲಭವಾಗಿ ಒದಗುವ ವಿಷಯ. ತೊಡಕಿರುವುದು ಚಿತ್ರಕ್ಕೆ ಹೆಸರು ಹಚ್ಚುವುದರಲ್ಲಿ. ಫೈಟೋಪ್ಲಾಸ್ಮಾ ಎಂಬ, ಕೋಶಭಿತ್ತಿಯಿಲ್ಲದ ಸೂಕ್ಷ್ಮಜೀವಿಯಿಂದ ಬರುವ ಹಳದಿ ರೋಗದಲ್ಲಿ ಹೊರಸುತ್ತಿನ ಸೋಗೆಗಳ ಎಲೆತುದಿ ಹಳದಿಯಾಗುತ್ತ ಬರುತ್ತದೆ, ಆದರೆ ಬಸಿಗಾಲುವೆ ಮುಚ್ಚಿ ನೀರು ನಿಂತ ತೋಟವೂ ಪೋಷಕಾಂಶ ಕಡಿಮೆಯಾದ ತೋಟವೂ ಹಳದಿಯಾಗುತ್ತದೆ. ಪ್ರಯೋಗಾಲಯದಲ್ಲಿ ರೋಗಾಣುವಿನ ಡಿಎನ್‌ಎ ಪರೀಕ್ಷೆ ಮಾಡದೆ, ಕಣ್ಣಂದಾಜಿನಲ್ಲಿ ರೋಗವೆಂದು ಗುರುತು ಹಾಕಿದ ಚಿತ್ರಗಳಿಂದ ಕಲಿತ ಮಾದರಿ ನೂರಕ್ಕೆ ತೊಂಬತ್ತೈದು ನಿಖರವೆಂದು ವರದಿಯಾದರೂ, ಅದು ಕಲಿತದ್ದು ರೋಗವನ್ನಲ್ಲ, ಗುರುತು ಹಾಕಿದವರ ಅಂದಾಜನ್ನು. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಮತ್ತು ಶೃಂಗೇರಿಯ ಅಡಿಕೆ ಕೇಂದ್ರದ ಬಳಿಯಿರುವ ಪರೀಕ್ಷಿತ ಮಾಹಿತಿಯ ಬೆಲೆ ಇಲ್ಲಿ ಗೊತ್ತಾಗುತ್ತದೆ.

ಸಲಹೆ ಕೊಡುವ ಹಂತದಲ್ಲಿ ತಪ್ಪಿನ ಪರಿಣಾಮ ನೇರವಾಗಿ ತೋಟಕ್ಕೆ ತಟ್ಟುತ್ತದೆ. ಕೊಳೆರೋಗ ತಡೆಯಲು ಸಿಂಪಡಿಸುವ ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿದು ಕಲಕಬೇಕು. ಕೊನೆಗೆ ಹೊಳೆಯುವ ಕಬ್ಬಿಣದ ಚಾಕುವನ್ನು ಅದ್ದಿ ನೋಡಿದಾಗ ಅಲಗಿನ ಮೇಲೆ ಕೆಂಪು ಕಂದು ಲೇಪ ಕೂತರೆ ಇನ್ನೂ ಸುಣ್ಣ ಬೇಕೆಂದು ಅರ್ಥ. ಮಲೆನಾಡಿನ ಬೆಳೆಗಾರರಿಗೆ ಇದು ಮೊದಲ ಪಾಠ. ಯಂತ್ರ ಅನುವಾದಿಸಿದ ಕೃಷಿ ಸಲಹೆಯಲ್ಲಿ ಪ್ರಮಾಣ ತಪ್ಪಿದರೆ ಅನುಭವಿ ಬೆಳೆಗಾರ ನಕ್ಕು ಬಿಡಬಹುದು. ಹೊಸ ಕೀಟನಾಶಕದ ವಿಷಯದಲ್ಲಿ ಅದೇ ತಪ್ಪಾದರೆ ಹಿಡಿಯುವವರಿರುವುದಿಲ್ಲ. ಆದುದರಿಂದ ವಿಸ್ತರಣಾ ಕೆಲಸದಲ್ಲಿ ಯಂತ್ರದ ಪಾಲು ಕರಡಿನವರೆಗೆ ಮಾತ್ರ ಇರಬೇಕು, ಸಹಿ ಹಾಕುವ ವಿಜ್ಞಾನಿ ಪ್ರತಿ ಅಂಕಿಯನ್ನೂ ಓದಿರಬೇಕು.

ಆಯುರ್ವೇದ ಕಾಲೇಜುಗಳ ಮಟ್ಟಿಗೆ ಮಾರ್ಗದರ್ಶನ ತಕ್ಕಮಟ್ಟಿಗೆ ಸ್ಪಷ್ಟವಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2023ರಲ್ಲಿ ಪ್ರಕಟಿಸಿದ ನೈತಿಕ ಮಾರ್ಗಸೂಚಿಗಳು ವೈದ್ಯಕೀಯ ಸಂಶೋಧನೆಯಲ್ಲಿ ಕೃತಕ ಬುದ್ಧಿಮತ್ತೆಯ ಬಳಕೆಗೆ ರೋಗಿಯ ಒಪ್ಪಿಗೆ, ಮಾಹಿತಿಯ ಗೋಪ್ಯತೆ, ಮನುಷ್ಯರ ಮೇಲ್ವಿಚಾರಣೆಗಳನ್ನು ಕಡ್ಡಾಯ ತತ್ತ್ವಗಳನ್ನಾಗಿ ಇಟ್ಟಿವೆ. ಮಂಗನ ಕಾಯಿಲೆಯಂಥ ಜ್ವರ ಕಾಣಿಸಿಕೊಳ್ಳುವ ಈ ತಾಲ್ಲೂಕುಗಳಲ್ಲಿ ಹೆಸರನ್ನು ಅಳಿಸಿದ ಮಾತ್ರಕ್ಕೆ ರೋಗಿಯ ಗುರುತು ಮರೆಯಾಗುವುದಿಲ್ಲ. ನಾಲ್ಕಾರು ಮನೆಗಳ ಹಳ್ಳಿಯಲ್ಲಿ ವಯಸ್ಸು, ಕೆಲಸ, ಕಾಡಿಗೆ ಹೋದ ದಿನ ಇಷ್ಟು ಹೇಳಿದರೆ ಯಾರೆಂಬುದು ಊರಿಗೆಲ್ಲ ತಿಳಿಯುತ್ತದೆ. ಕ್ಷೇತ್ರಕಾರ್ಯಕ್ಕೂ ಇದೇ ಮಾತು ಸಲ್ಲುತ್ತದೆ. ಹಸಲರು, ಗೌಡಲು ಸಮುದಾಯಗಳ ಹಿರಿಯರೊಡನೆ ನಡೆಸಿದ ಸಂದರ್ಶನವನ್ನೋ ಅಂಟಿಕೆ-ಪಂಟಿಕೆಯ ಹಾಡಿನ ಧ್ವನಿಮುದ್ರಣವನ್ನೋ ಲಿಪ್ಯಂತರಕ್ಕಾಗಿ ವಿದೇಶೀ ಸರ್ವರಿಗೆ ಏರಿಸುವ ಮುನ್ನ ಹಾಡಿದವರಿಗೆ ಆ ವಿಷಯ ತಿಳಿಸಿ ಒಪ್ಪಿಗೆ ಪಡೆಯಬೇಕಾದುದು ಸಂಶೋಧಕನ ಹೊಣೆ. ಟೇಪಿನಲ್ಲಿ ಹಾಡಲು ಕೊಟ್ಟ ಒಪ್ಪಿಗೆಯನ್ನು ಯಂತ್ರಕ್ಕೆ ಕಲಿಸಲು ಕೊಟ್ಟ ಒಪ್ಪಿಗೆಯೆಂದು ಹಿಗ್ಗಿಸುವಂತಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಜಾರಿಯ ಹಾದಿಯಲ್ಲಿರುವಾಗ ಕಾಲೇಜುಗಳು ವಿದ್ಯಾರ್ಥಿಗಳ ಅಂಕಪಟ್ಟಿಯನ್ನು ಯಾವುದೋ ಉಚಿತ ಸಾಧನಕ್ಕೆ ಹಾಕಿ ಕೋಷ್ಟಕ ಮಾಡಿಸಿಕೊಳ್ಳುವ ಅಭ್ಯಾಸವನ್ನೂ ಮರುಯೋಚಿಸಬೇಕು.

ಇನ್ನು ನಿಯಮಗಳು. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2018ರಲ್ಲಿ ಹೊರಡಿಸಿದ ಕೃತಿಚೌರ್ಯ ತಡೆ ನಿಯಮಾವಳಿಯು ಹೋಲಿಕೆಯ ಪ್ರಮಾಣವನ್ನು ನಾಲ್ಕು ಹಂತ ಮಾಡುತ್ತದೆ: ಶೇ 10ರವರೆಗಿದ್ದರೆ ದಂಡನೆಯಿಲ್ಲ, 10ರಿಂದ 40ರವರೆಗಿದ್ದರೆ ಆರು ತಿಂಗಳೊಳಗೆ ತಿದ್ದಿ ಸಲ್ಲಿಸಬೇಕು, 40ರಿಂದ 60ರವರೆಗಿದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ, 60 ಮೀರಿದರೆ ನೋಂದಣಿಯೇ ರದ್ದು. ವಿಶ್ವವಿದ್ಯಾಲಯ ಗ್ರಂಥಾಲಯಗಳ ಜಾಲವಾದ ಇನ್‌ಫ್ಲಿಬ್‌ನೆಟ್ 2019ರಿಂದ ಶೋಧಶುದ್ಧಿ ಯೋಜನೆಯ ಮೂಲಕ ಹೋಲಿಕೆ ಪತ್ತೆಯ ತಂತ್ರಾಂಶವನ್ನು ವಿಶ್ವವಿದ್ಯಾಲಯಗಳಿಗೆ ಒದಗಿಸಿತು. ಈ ವ್ಯವಸ್ಥೆ ನಕಲನ್ನು ಹಿಡಿಯಲು ರೂಪುಗೊಂಡದ್ದು. ಇನ್ನೊಬ್ಬರ ಕೃತಿಯನ್ನೋ ವಿಚಾರವನ್ನೋ ತನ್ನದೆಂದು ತೋರಿಸುವುದೇ ಕೃತಿಚೌರ್ಯ ಎಂಬ ಅದರ ತಳಹದಿಯೊಳಗೆ, ಯಾರದ್ದೂ ಅಲ್ಲದ, ಹಿಂದೆಂದೂ ಬರೆಯದ ವಾಕ್ಯಗಳನ್ನು ಕ್ಷಣದಲ್ಲಿ ಹೊಸೆಯುವ ಯಂತ್ರ ಎಲ್ಲಿ ಕೂರುತ್ತದೆ ಎಂಬುದಕ್ಕೆ ಉತ್ತರವಿಲ್ಲ. ಪೂರ್ತಿ ಯಂತ್ರವೇ ಬರೆದ ಅಧ್ಯಾಯದ ಹೋಲಿಕೆ ಶೇ 10ಕ್ಕಿಂತ ಕಡಿಮೆ ಬಂದು ಅದು ನಿರ್ದೋಷಿಯಾಗಿ ಹೊರಬರಬಹುದು. ಹಳೆಯ ಶಾಸನದ ಪಾಠವನ್ನು ಪ್ರಾಮಾಣಿಕವಾಗಿ ಉದ್ಧರಿಸಿದ ಅಧ್ಯಾಯ ಅದೇ ತಂತ್ರಾಂಶದಲ್ಲಿ ಕೆಂಪಾಗಬಹುದು. ನಿಯಮ ಉದ್ಧರಣೆಗೆ ವಿನಾಯಿತಿ ಕೊಟ್ಟಿದೆ ನಿಜ, ಆದರೆ ಮಾರ್ಗದರ್ಶಕರು ವರದಿಯ ಒಳಗನ್ನು ಓದದೆ ಶೇಕಡಾವಾರು ಅಂಕಿಯನ್ನಷ್ಟೇ ನೋಡುವುದು ರೂಢಿಯಾಗಿದೆ.

ಯಂತ್ರಬರಹವನ್ನು ಯಂತ್ರದಿಂದಲೇ ಹಿಡಿಯುವ ಆಸೆಯೂ ಕೈಕೊಟ್ಟಿದೆ. ಚಾಟ್‌ಜಿಪಿಟಿಯನ್ನು ತಯಾರಿಸಿದ ಓಪನ್‌ಎಐ ತನ್ನದೇ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು, ಇಂಗ್ಲಿಷ್ ಮಾತೃಭಾಷೆಯಲ್ಲದವರು ಸ್ವತಃ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇಂಥ ಸಾಧನಗಳು ಯಂತ್ರದ ಬರಹವೆಂದು ತಪ್ಪಾಗಿ ಗುರುತಿಸಿದವೆಂದು ತೋರಿಸಿದರು. ಸೀಮಿತ ಪದಸಂಪತ್ತಿನ, ಸರಳ ರಚನೆಯ ವಾಕ್ಯಗಳು ಯಂತ್ರಕ್ಕೆ ಊಹಿಸಲು ಸುಲಭವಾಗಿರುವುದೇ ಅದಕ್ಕೆ ಕಾರಣ. ಕನ್ನಡ ಮಾಧ್ಯಮದಲ್ಲಿ ಪಿಯುಸಿ ಮುಗಿಸಿ ಬಂದು ಕಷ್ಟಪಟ್ಟು ಇಂಗ್ಲಿಷಿನಲ್ಲಿ ನಿಯೋಜಿತ ಬರಹ ಬರೆಯುವ ಕೊಪ್ಪದ ವಿದ್ಯಾರ್ಥಿ ಈ ತಪ್ಪಿಗೆ ಎಲ್ಲರಿಗಿಂತ ಮೊದಲು ಗುರಿಯಾಗುತ್ತಾನೆ. ಪತ್ತೆ ಸಾಧನದ ವರದಿಯೊಂದನ್ನೇ ಆಧರಿಸಿ ಅಂಕ ಕಡಿಯುವುದು ಅನ್ಯಾಯ ಎಂಬುದರಲ್ಲಿ ಎರಡು ಮಾತಿಲ್ಲ.

ಯಂತ್ರದ ಭ್ರಮೆಯ ಪರಿಣಾಮಕ್ಕೆ ಕರ್ನಾಟಕದಲ್ಲಿಯೇ ಎಚ್ಚರಿಕೆಯ ನಿದರ್ಶನಗಳಿವೆ, ಅವು ಬಂದದ್ದು ನ್ಯಾಯದಾನದ ಕ್ಷೇತ್ರದಿಂದ. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ 2024ರ ಡಿಸೆಂಬರ್‌ನಲ್ಲಿ ನೀಡಿದ ಆದೇಶವೊಂದರಲ್ಲಿ ಅಸ್ತಿತ್ವದಲ್ಲಿಯೇ ಇಲ್ಲದ ತೀರ್ಪುಗಳ ಉಲ್ಲೇಖವಿದ್ದುದು ಬಯಲಾಗಿ ಆದೇಶವನ್ನು ಹಿಂಪಡೆಯಲಾಯಿತು. ಮರುವರ್ಷ ಕೆಳ ನ್ಯಾಯಾಲಯದ ಆದೇಶವೊಂದರಲ್ಲಿ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ್ದನ್ನು ಕರ್ನಾಟಕ ಹೈಕೋರ್ಟ್ ಗಂಭೀರವಾಗಿ ಪರಿಗಣಿಸಿತು. ಎದುರು ಪಕ್ಷದ ವಕೀಲರು ಮೂಲವನ್ನು ಹುಡುಕುವ ನ್ಯಾಯಾಲಯದಲ್ಲಿ ತಪ್ಪು ಬೇಗ ಸಿಕ್ಕುತ್ತದೆ. ಪ್ರಬಂಧಕ್ಕೆ ಎದುರು ಪಕ್ಷವಿಲ್ಲ. ಇರುವುದು ಮಾರ್ಗದರ್ಶಕ ಮತ್ತು ಮೌಖಿಕ ಪರೀಕ್ಷಕ ಮಾತ್ರ.

ಪ್ರಕಟಣೆಯ ಲೋಕ ಒಂದು ವಿಷಯದಲ್ಲಿ ಬೇಗ ಒಮ್ಮತಕ್ಕೆ ಬಂತು: ಬರಹದ ಹೊಣೆ ಹೊರಲಾರದ ಯಂತ್ರವನ್ನು ಲೇಖಕನೆಂದು ಹೆಸರಿಸಬಾರದು, ಬಳಸಿದ್ದರೆ ಎಲ್ಲಿ ಹೇಗೆ ಎಂದು ತಿಳಿಸಬೇಕು. ನೇಚರ್ ಪತ್ರಿಕೆ ಮತ್ತು ಪ್ರಕಟಣಾ ನೀತಿಶಾಸ್ತ್ರ ಸಮಿತಿ 2023ರ ಆರಂಭದಲ್ಲಿಯೇ ಹೀಗೆ ಹೇಳಿದವು, ಯುನೆಸ್ಕೊ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಶಿಕ್ಷಣ ಮತ್ತು ಸಂಶೋಧನೆಗಾಗಿ ಮಾರ್ಗದರ್ಶಿ ಹೊರತಂದಿತು. ಬಹಿರಂಗಪಡಿಸುವಿಕೆ ಅಗತ್ಯ, ಆದರೆ ಸಾಲದು. ಯಂತ್ರದ ನೆರವು ಪಡೆದಿದ್ದೇನೆ ಎಂಬ ಒಂದು ಸಾಲಿನ ಘೋಷಣೆಗಿಂತ, ಇಂಥ ಹೇಳಿಕೆಗೆ ಇಂಥ ಶಾಸನ, ಇಂಥ ಕಡತದ ಇಂಥ ಮಡಿಕೆ, ಇಂಥ ತೋಟದ ಮಾದರಿ ಆಧಾರ ಎಂದು ತೋರಿಸಬಲ್ಲ ಟಿಪ್ಪಣಿ ಪುಸ್ತಕ ಹೆಚ್ಚು ಉಪಯುಕ್ತ. ಘೋಷಣೆ ಬೋಧಕರಿಗೂ ಅನ್ವಯಿಸಬೇಕು: ಪ್ರಶ್ನೆಪತ್ರಿಕೆ, ಪಾಠಟಿಪ್ಪಣಿ, ಸಹಸಂಶೋಧಕರ ಅಪ್ರಕಟಿತ ಬರಹದ ವಿಮರ್ಶೆ, ಕಾಲೇಜುಗಳಿಗೆ ಮಾನ್ಯತೆ ನೀಡುವ ನ್ಯಾಕ್‌ಗೆ ಸಲ್ಲಿಸುವ ಸ್ವಮೌಲ್ಯಮಾಪನ ವರದಿ ಯಂತ್ರದಿಂದ ಹೊರಬರುತ್ತಿರುವಾಗ ವಿದ್ಯಾರ್ಥಿಯೊಬ್ಬನಿಗೆ ಮಾತ್ರ ಶೀಲದ ಪಾಠ ಹೇಳುವುದು ಶೋಭಿಸದು.

ಕನ್ನಡದಲ್ಲಿ ಉನ್ನತ ಶಿಕ್ಷಣ ಎಂಬ ಹಳೆಯ ಕನಸಿಗೆ ಈ ತಂತ್ರ ಏನು ಮಾಡಬಲ್ಲದು ಎಂಬುದನ್ನೂ ಪರಿಗಣಿಸಬೇಕು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿ, 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಕುವೆಂಪು ವಿಜ್ಞಾನವನ್ನೂ ಕನ್ನಡದಲ್ಲಿ ಕಲಿಸಬೇಕೆಂದು ಪಟ್ಟುಹಿಡಿದಿದ್ದರು. ಪಠ್ಯಪುಸ್ತಕಗಳಿಲ್ಲವೆಂಬುದೇ ಆಗ ಎದುರಾಗುತ್ತಿದ್ದ ಮುಖ್ಯ ಆಕ್ಷೇಪ. 2022ರಲ್ಲಿ ಆರಂಭವಾದ ಭಾಷಿಣಿ ಎಂಬ ಸರ್ಕಾರಿ ಯಂತ್ರಾನುವಾದ ವೇದಿಕೆ, ಮದರಾಸಿನ ಐಐಟಿಯ ಎಐ4ಭಾರತ್ ಸಂಶೋಧನಾ ತಂಡ ಮತ್ತು ಐದು ವರ್ಷಗಳಲ್ಲಿ ಭಾರತೀಯ ಭಾಷೆಗಳಲ್ಲಿ 22,000 ಪುಸ್ತಕಗಳನ್ನು ತರುವ ಗುರಿಯೊಡನೆ 2024ರಲ್ಲಿ ಘೋಷಣೆಯಾದ ಅಸ್ಮಿತಾ ಯೋಜನೆ ಆ ಆಕ್ಷೇಪವನ್ನು ಬಹುಮಟ್ಟಿಗೆ ನಿವಾರಿಸಬಹುದು. ಆದರೆ ಯಂತ್ರಾನುವಾದವನ್ನು ವಿಷಯ ಬಲ್ಲವರು ತಿದ್ದದೆ ಅಚ್ಚಿಗೆ ಕಳಿಸಿದರೆ ಅದೇ ಪಠ್ಯ ಮುಂದಿನ ಮಾದರಿಗೆ ಕಲಿಕೆಯ ಸಾಮಗ್ರಿಯಾಗಿ, ಕನ್ನಡ ಬಲ್ಲವರಾರೂ ಆಡದ ಕನ್ನಡ ಬಲಗೊಳ್ಳುತ್ತದೆ. ಈ ಭಾಗದ ಕಾಲೇಜುಗಳ ಅಧ್ಯಾಪಕರಿಗೆ ಅಂಥ ತಿದ್ದುಪಡಿಯ ಕೆಲಸವನ್ನು ಸಂಭಾವನೆಯೊಡನೆ ವಹಿಸುವುದು ಹೊಸ ತಂತ್ರಾಂಶ ಕೊಳ್ಳುವುದಕ್ಕಿಂತ ಫಲಕಾರಿ.

ತರಗತಿಯ ಮಟ್ಟದಲ್ಲಿ ದಾರಿ ಕಷ್ಟದ್ದೇನೂ ಅಲ್ಲ. ಮಳೆಗಾಲದಲ್ಲಿ ದಿನಗಟ್ಟಲೆ ವಿದ್ಯುತ್ತೂ ನೆಟ್‌ವರ್ಕೂ ಇಲ್ಲದಿರುವ ಊರುಗಳಿಂದ ಬರುವ ವಿದ್ಯಾರ್ಥಿಗಳಿಗೆ ಯಂತ್ರಬಳಕೆಯನ್ನು ಕಡ್ಡಾಯ ಮಾಡುವಂತಿಲ್ಲ, ಮೊಬೈಲು ಎಲ್ಲರ ಜೇಬಿನಲ್ಲಿರುವಾಗ ನಿಷೇಧವೂ ನಿಲ್ಲುವುದಿಲ್ಲ. ಆಂತರಿಕ ಮೌಲ್ಯಮಾಪನದ ಬರಹವನ್ನು ಸ್ಥಳೀಯ ಆಧಾರಕ್ಕೆ ಕಟ್ಟಿಹಾಕುವುದು ಸಾಧ್ಯ: ತನ್ನೂರಿನ ವೀರಗಲ್ಲೊಂದರ ವಿವರಣೆ, ಭದ್ರಾ ಹಿನ್ನೀರಿನಿಂದ ಒಕ್ಕಲೆದ್ದ ಕುಟುಂಬದವರ ಮಾತು, ಯಂತ್ರ ಕೊಟ್ಟ ಉತ್ತರವೊಂದರ ತಪ್ಪುಗಳನ್ನು ಮೂಲದೊಡನೆ ಹೋಲಿಸಿ ಪಟ್ಟಿಮಾಡುವ ಅಭ್ಯಾಸ. ಬರೆದ ಬಳಿಕ ಐದು ನಿಮಿಷ ಎದುರು ಕೂರಿಸಿಕೊಂಡು ಕೇಳಿದರೆ ಬರೆದವರು ಯಾರೆಂಬುದು ಯಾವ ಪತ್ತೆ ಸಾಧನಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ತೊಡಕು ಆ ಐದು ನಿಮಿಷದಲ್ಲಿಯೇ ಇದೆ. ನೂರು ವಿದ್ಯಾರ್ಥಿಗಳಿಗೆ ಅದು ಎಂಟು ಗಂಟೆಗೂ ಹೆಚ್ಚಿನ ಕೆಲಸ, ಸರ್ಕಾರಿ ಕಾಲೇಜುಗಳ ಪಾಠದ ದೊಡ್ಡ ಭಾಗವನ್ನು ಹೊತ್ತಿರುವ ಅತಿಥಿ ಉಪನ್ಯಾಸಕರ ಕಾರ್ಯಭಾರದಲ್ಲಿ ಲೆಕ್ಕವಾಗುವುದು ತರಗತಿಯ ಅವಧಿ ಮಾತ್ರ. ವಿಶ್ವವಿದ್ಯಾಲಯಗಳು ಕೃತಕ ಬುದ್ಧಿಮತ್ತೆಯ ಬಗ್ಗೆ ನೀತಿ ರೂಪಿಸುವಾಗ ಆ ಗಂಟೆಗಳನ್ನು ಕಾರ್ಯಭಾರಕ್ಕೆ ಸೇರಿಸುವ ಕಲಮೊಂದನ್ನು, ಬಳಕೆಯ ಘೋಷಣಾ ಪತ್ರದ ನಮೂನೆಗಿಂತ ಮೊದಲು ಬರೆಯಬೇಕಾಗಿದೆ.